ನೋಡಲು ಏನೂ ಇಲ್ಲದ ಕಾರ್ಯಕ್ರಮಕ್ಕೆ ಲಂಡನ್‌ವರೆಗೆ

ಆಟೆಕರ್ ಸಂಗೀತ ಕಛೇರಿಗೆ ಹೋಗ್ತೀನಿ ಅಂದಾಗ ಅಕ್ಕ, ‘ಯಾರೋ ಅದು, ಕಾರವಾರದ ಕಡೆಯವರಾ?’ ಎಂದು ಕೇಳಿದಳು. ಅವಳ ತಪ್ಪಲ್ಲ, ಹೆಸರು ಹಾಗೇ ಇದೆ. ಆಟೆಕರ್ ಅಂದರೆ ಇಂಗ್ಲೆಂಡಿನ ರಾಚ್‌ಡೇಲ್‌ನ ಇಬ್ಬರ ತಂಡ, ರಾಬ್ ಬ್ರೌನ್ ಮತ್ತು ಶಾನ್ ಬೂತ್. 1987ರಿಂದ ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತಿದ್ದಾರೆ. ವೇದಿಕೆಯ ಮೇಲೆ ಬಂದರೆ ದೀಪ ಆರಿಸಿಬಿಡುತ್ತಾರೆ. ಪರದೆ ಇಲ್ಲ, ಲೇಸರ್ ಇಲ್ಲ, ಅವರ ಮುಖವೂ ಕಾಣುವುದಿಲ್ಲ. ‘ದೀಪಾವಳಿ ಹೊತ್ತಲ್ಲಿ ಊರೆಲ್ಲ ದೀಪ ಹಚ್ಚಿದರೆ, ನೀನು ಕತ್ತಲೆಗೆ ದುಡ್ಡು ಕೊಡ್ತೀಯಲ್ಲೋ!’ ಎಂದಳು.

ನಾನು ಹೋಗಿದ್ದು 2022ರ ಅಕ್ಟೋಬರ್‌ನಲ್ಲಿ, ಲಂಡನ್‌ನ ಬಾರ್ಬಿಕನ್ ಹಾಲ್‌ಗೆ. ಇಂಥದ್ದಕ್ಕೆ ಭಾರತದಿಂದ ಹೋಗುವವರಿಗೆ ಮೊದಲ ತಲೆನೋವು ವೀಸಾ. ಹೊರಡುವ ದಿನಕ್ಕೆ 3 ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಮೊದಲ ವಾರದಲ್ಲೇ ಹಾಕಿಬಿಡಿ. ಟಿಕೆಟ್ ಇದೆ ಎಂದು ಯಾರೂ ವೀಸಾ ಬೇಗ ಕೊಡುವುದಿಲ್ಲ. ನನ್ನ ಪಾಸ್‌ಪೋರ್ಟ್ ಕೈಗೆ ಬರುವ ಹೊತ್ತಿಗೆ ಉಗುರೆಲ್ಲ ಕಚ್ಚಿ ಮುಗಿದಿತ್ತು.

ಸೀಟು ಆರಿಸುವಾಗ ವೇದಿಕೆ ಹತ್ತಿರ ಬೇಕು ಅಂತ ಹಟ ಮಾಡಬೇಡಿ. ನೋಡುವುದಕ್ಕೇನಿದೆ ಅಲ್ಲಿ? ಎರಡೂ ಬದಿಯ ಸ್ಪೀಕರ್‌ಗಳ ನಡುವೆ, ಸ್ವಲ್ಪ ಹಿಂದೆ ಸಿಕ್ಕರೆ ಅದೇ ರಾಜನ ಸೀಟು. ನಾನು ಮುಂದಿನ ಸಾಲಿನ ಆಸೆಗೆ ಬಲಗಡೆ ಮೂಲೆ ಹಿಡಿದೆ. ಎಡಗಡೆಯಿಂದ ಬಂದ ಸದ್ದು ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿರುವ ಹಾಗೆ ಕೇಳಿಸಿತು.

ಊಟ ಮೊದಲೇ ಮುಗಿಸಿ. ಯೂಸ್ಟನ್ ಹತ್ತಿರದ ಡ್ರಮಂಡ್ ಸ್ಟ್ರೀಟ್‌ನಲ್ಲಿ ದೋಸೆ ಸಿಗುತ್ತದೆ. ಅಲ್ಲಿಂದ ಯೂಸ್ಟನ್ ಸ್ಕ್ವೇರ್ ಸ್ಟೇಷನ್‌ಗೆ ನಡೆದು ಟ್ಯೂಬ್ (ಲಂಡನ್ನಿನ ಮೆಟ್ರೊ) ಹತ್ತಿದರೆ ಮೂರನೇ ಸ್ಟಾಪೇ ಬಾರ್ಬಿಕನ್. ಹೀಥ್ರೂ ವಿಮಾನ ನಿಲ್ದಾಣದಿಂದ ನೇರ ಬರುವವರು ಎಲಿಜಬೆತ್ ಲೈನ್ ರೈಲಿನಲ್ಲಿ ಫ್ಯಾರಿಂಗ್‌ಡನ್‌ಗೆ ಬಂದು ಅಲ್ಲಿಂದ ನಡೆಯಬಹುದು.

ಸ್ಟೇಷನ್ ಸಿಕ್ಕಿತು ಎಂದು ಹಾಲ್ ಸಿಕ್ಕಿತು ಅಂದುಕೊಳ್ಳಬೇಡಿ. ಬಾರ್ಬಿಕನ್ ಅಂದರೆ ಒರಟು ಕಾಂಕ್ರೀಟಿನ ಒಂದು ಊರು. ಮನೆಗಳು, ಕೊಳ, ಎತ್ತರದಲ್ಲಿ ಕಾಲುದಾರಿಗಳು. ಜನ ದಾರಿ ತಪ್ಪುತ್ತಾರೆ ಎಂದು ನೆಲದ ಮೇಲೆ ಹಳದಿ ಗೆರೆ ಬೇರೆ ಎಳೆದಿದ್ದರು! ನಾನು ಮೆಟ್ಟಿಲು ಹತ್ತಿ ಮೇಲೆ ಹೋಗಿ ಇಪ್ಪತ್ತು ನಿಮಿಷ ಸುತ್ತಿದೆ. ಹಾಲ್ ಕೆಳಗೇ ಇದೆ, ಕಿಟಕಿಯಲ್ಲಿ ಜನ ಕಾಣುತ್ತಾರೆ, ಇಳಿಯುವ ದಾರಿ ಮಾತ್ರ ಇಲ್ಲ. ನೀವು ಮೇಲೆ ಹತ್ತಲೇಬೇಡಿ. ಸ್ಟೇಷನ್ ಎದುರಿನ ಬೀಚ್ ಸ್ಟ್ರೀಟ್‌ನ ಸುರಂಗದಂಥ ರಸ್ತೆಯಲ್ಲಿ ನಡೆದು ಸಿಲ್ಕ್ ಸ್ಟ್ರೀಟ್‌ನ ಬಾಗಿಲಿಗೆ ಹೋಗಿ.

ಒಳಗೆ ಹೋಗುವ ಮುಂಚೆ ಮೂತ್ರ ವಿಸರ್ಜನೆ ಮುಗಿಸಿ. ತಮಾಷೆಗೆ ಹೇಳುತ್ತಿಲ್ಲ. ಕತ್ತಲಲ್ಲಿ ಎದ್ದರೆ ಹತ್ತು ಜನರ ಮಂಡಿ ತುಳಿಯಬೇಕು, ಮೊಬೈಲ್ ಬೆಳಕು ಹಾಕಿದರೆ ಇಡೀ ಸಾಲು ತಿರುಗಿ ನೋಡುತ್ತದೆ. ಇಯರ್‌ಪ್ಲಗ್ ಜೇಬಿನಲ್ಲಿರಲಿ. ಗಣೇಶನ ಮೆರವಣಿಗೆಯ ಡಿಜೆ ಮುಂದೆ ಕುಣಿದವರಿಗೆ ಬೇಸ್ ಹೊಸದಲ್ಲ. ಆದರೆ ಅಲ್ಲಿ ಓಡಿಹೋಗಬಹುದು, ಇಲ್ಲಿ ಕೂತೇ ಇರಬೇಕು.

ಸಂಗೀತ ಹೇಗಿರುತ್ತದೆ? ಒಂದು ಹಳೇ ವಿಷಯ ಹೇಳಿದರೆ ಅಂದಾಜು ಸಿಗುತ್ತದೆ. 1994ರಲ್ಲಿ ಬ್ರಿಟಿಷ್ ಸರ್ಕಾರ ಬಯಲಿನ ರೇವ್ ಪಾರ್ಟಿಗಳನ್ನು ತಡೆಯಲು ಮಸೂದೆ ತಂದಿತು. ಒಂದೇ ಬಡಿತ ಮತ್ತೆ ಮತ್ತೆ ಬರುವ ಸಂಗೀತ ಅದರ ಗುರಿ. ಅದಕ್ಕೆ ಉತ್ತರವಾಗಿ ಆಟೆಕರ್‌ನವರು ‘ಫ್ಲಟರ್’ ಎಂಬ ತುಣುಕನ್ನು ಯಾವ ಆವರ್ತವೂ ಮತ್ತೆ ಬರದ ಹಾಗೆ ಹೆಣೆದು ಕೊಟ್ಟರು. ಇಂದಿಗೂ ಅದೇ ಹಟ. ‘ಮ್ಯಾಕ್ಸ್’ ಎಂಬ ಸಾಫ್ಟ್‌ವೇರ್‌ನಲ್ಲಿ ತಾವೇ ಯಂತ್ರಗಳನ್ನು ಕಟ್ಟಿಕೊಂಡು ಅಲ್ಲೇ ನುಡಿಸುತ್ತಾರೆ. ಮನೆಯಲ್ಲಿ ಕೇಳಿದ ಹಾಡು ಬರುತ್ತದೆ ಎಂದು ಕಾಯಬೇಡಿ.

ಮೊದಲ ಹತ್ತು ನಿಮಿಷ ನನಗೆ ತಾಳ ಸಿಗಲೇ ಇಲ್ಲ. ತೊಡೆ ಮೇಲೆ ಬೆರಳು ಎಣಿಸುತ್ತಾ ಹೋದೆ, ಎಣಿಕೆ ತಪ್ಪುತ್ತಾ ಹೋಯಿತು. ಆಮೇಲೆ ಸುಮ್ನೆ ಬಿಟ್ಟೆ. ಆಗ ತಗಡಿನ ಮೇಲೆ ಮಳೆ ಬಿದ್ದ ಹಾಗೆ, ಯಾರೋ ದೂರದಲ್ಲಿ ಕಬ್ಬಿಣ ಬಾಗಿಸಿದ ಹಾಗೆ ಸದ್ದುಗಳು ಹತ್ತಿರ ಬರತೊಡಗಿದವು. ಕಣ್ಣು ಮುಚ್ಚಿದ್ದೇನಾ, ತೆರೆದಿದ್ದೇನಾ ಎಂದು ಒಮ್ಮೆ ಕೈಯಿಂದ ಮುಟ್ಟಿ ನೋಡಿಕೊಂಡೆ.

ಊರಿಗೆ ವಾಪಸ್ ಬಂದ ರಾತ್ರಿ ಅಕ್ಕ ಇನ್ನೂ ಎದ್ದಿದ್ದಳು. ‘ಹೇಗಿತ್ತು? ಏನು ನೋಡಿದೆ?’

‘ಹಸಿರು ಎಕ್ಸಿಟ್ ಬೋರ್ಡ್’ ಎಂದೆ.