ಸುಬ್ರಾಯಣ್ಣನ ಕಥೆ: ಮೂರನೇ ಡ್ರಾಫ್ಟು, ಮತ್ತೆ ಒಂದು ಎಡವಟ್ಟು

ಅರ್ಧಕ್ಕೆ ಬಿಟ್ಟಿದ್ದ ಕಥೆನ ಈ ವಾರ ಮತ್ತೆ ತೆಗ್ದೆ. ಶಿರಸಿ ಮಳೆ ಗೊತ್ತಲ್ಲ, ಕರೆಂಟು ಇದ್ರೆ ಇದೆ ಇಲ್ದಿದ್ರೆ ಇಲ್ಲ, ಹಾಗಾಗಿ ನೋಟ್‌ಬುಕ್ಕಲ್ಲೇ ಗೀಚ್ತಾ ಇದೀನಿ.

ಮೊದಲ್ನೇ ಡ್ರಾಫ್ಟು "ಸುಬ್ರಾಯಣ್ಣ ಮಹಾ ಜಿಪುಣ" ಅಂತ್ಲೇ ಶುರುವಾಗಿತ್ತು. ಅದನ್ನ ಹೊಡೆದು ಹಾಕ್ದೆ. ಈಗ ಜಗಲಿ ಮೇಲೆ ನೆಂಟ ಕೂತಿದಾನೆ, ಸುಬ್ರಾಯಣ್ಣ ಎಲೆ-ಅಡಿಕೆ ಕವಳದ ಬಟ್ಲು ಎಳ್ಕೊಂಡು ಒಂದು ಎಲೆ ತಗೊಂಡು ನಾರು ತೆಗ್ದು ಎರಡು ಮಾಡಿ ಅರ್ಧ ವಾಪಸ್ ಬಟ್ಲಿಗೇ ಹಾಕಿ, "ಚಾ ಎಲ್ಲ ಆಯ್ದು ಅಲ್ದಾ?" ಅಂತಾನೆ. ಇಷ್ಟೇ. ಆದ್ರೆ ಕೈ ಸುಮ್ನಿರ್ಬೇಕಲ್ಲ, ಕೆಳಗೆ "ದುಡ್ಡು ಬಿಚ್ಚೋದಂದ್ರೆ ಅವನಿಗೆ ಜೀವ ಹೋದಂಗೆ" ಅಂತ ಒಂದು ಸಾಲು ಸೇರಿಸ್ಬಿಟ್ಟೆ. ಇದೇ ನನ್ನ ರೋಗ.

ಕಾಳಿದಾಸನ ಕುಮಾರಸಂಭವ ಕಾವ್ಯದ 6ನೇ ಸರ್ಗದಲ್ಲಿ ಅಂಗಿರಸ ಋಷಿ ಹಿಮವಂತನ ಹತ್ರ ಶಿವನಿಗೆ ಹೆಣ್ಣು ಕೇಳ್ತಿರುವಾಗ ಪಾರ್ವತಿ ಅಪ್ಪನ ಪಕ್ಕ ತಲೆ ತಗ್ಗಿಸಿ ಕೈಲಿದ್ದ ಕಮಲದ ಎಸಳು ಎಣಿಸ್ತಾಳೆ, ನಾಚಿಕೆ ಅನ್ನೋ ಮಾತೇ ಆ ಶ್ಲೋಕದಲ್ಲಿಲ್ಲ. 9ನೇ ಶತಮಾನದ ಕಾವ್ಯಮೀಮಾಂಸಕ ಆನಂದವರ್ಧನ ಧ್ವನಿಗೆ, ಅಂದ್ರೆ ಬಾಯ್ಬಿಟ್ಟು ಹೇಳದೆ ಹೊಳೆಸೋ ಅರ್ಥಕ್ಕೆ, ಉದಾಹರಣೆ ಕೊಡೋದೂ ಇದನ್ನೇ. ಕಾಳಿದಾಸ ಎಸಳು ಎಣಿಸಿ ನಿಲ್ಲಿಸ್ದ, ನಾನು ಎಲೆ ಹರಿದ್ಮೇಲೂ ಭಾಷಣ ಬಿಗಿತೀನಿ. ಸರಿ, ಆ ಸಾಲು ಕಿತ್ತೆ.

ಕಿತ್ತು ಆಯಿಗೆ ಓದಿ ಹೇಳ್ದೆ. ಆಯಿ ಅಡಿಕೆ ಆರಿಸ್ತಾ ಕೂತಿದ್ಲು, ಕೇಳಿ ಅಂದಿದ್ದು ಇದು: "ಪಾಪ, ಚಾ ಮಾಡ್ಕೊಡಲೆ ಮನೇಲಿ ಯಾರೂ ಇಲ್ಲೆ ಕಾಣ್ತು."

ಅಯ್ಯೋ ದೇವ್ರೇ! ನನ್ನ ತಲೇಲಿ ಅವನ ಹೆಂಡ್ತಿ ಒಳಗೇ ಇದಾಳೆ, ಮುಂದಿನ ಪುಟದಲ್ಲಿ ಬಂದು ಗಂಡನಿಗೆ ಬೈತಾಳೆ ಬೇರೆ. ಎರಡು ದಿನ ಅದೇ ಗುಂಗು. ಒಳಗಿಂದ ಪಾತ್ರೆ ಸದ್ದು ಕೇಳ್ತು ಅಂತ ಒಂದೇ ಒಂದು ಸಾಲು ಹಾಕಿದ್ರೆ ಇವ ಜಿಪುಣ, ಹಾಕ್ದಿದ್ರೆ ಒಂಟಿ ಮುದುಕ, ಮಾತು ಮಾತ್ರ ಅದೇ ಮಾತು. ಹೇಳದೆ ಹೇಳೋದು ಅಂದ್ರೆ ಹಿಡಿತ ಓದೋರ ಕೈಗೆ ಕೊಟ್ಟಂಗೇ, ಇದು ಇಷ್ಟು ಹೆದರಿಕೆ ಅಂತ ಗೊತ್ತಿರ್ಲಿಲ್ಲ ಮಾರಾಯ್ರೆ.

ಕೊನೆಗೆ ಪಾತ್ರೆ ಸದ್ದು ಬೇಡ ಅಂತ ಮಾಡ್ದೆ. ಹೆಂಡ್ತಿ ಬೈಯೋ ಮೂರು ಪುಟ ಹೋಯ್ತು, ಚೆನಾಗೇ ಬಂದಿತ್ತು, ಹೊಟ್ಟೆ ಉರೀತಿದೆ. ಬಟ್ಲಿಗೆ ವಾಪಸ್ ಹಾಕಿದ ಅರ್ಧ ಎಲೆ ಮಾತ್ರ ಇದ್ದ ಹಾಗೇ ಇದೆ, ಅದು ಯಾರ ಪಾಲಿಂದು ಅಂತ ನಂಗೂ ಈಗಷ್ಟೇ ಹೊಳೀತು. ನಾಳೆ ಕರೆಂಟು ಇದ್ರೆ ಟೈಪ್ ಮಾಡೋದು.