‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಸಾಲಿಗೆ ಹೆದರಬೇಕಿಲ್ಲ

ಬಿಲ್ಲಿನ ಕೆಳಗೆ ಅಚ್ಚಾಗಿರುವ ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಸಾಲನ್ನು ನೋಡಿ ಕೈಚೆಲ್ಲುವವರು ಇನ್ನೂ ಬಹಳ ಮಂದಿ ಇದ್ದಾರೆ. ಬಣ್ಣ ಹಿಡಿಸಲಿಲ್ಲ, ಮನೆಯಲ್ಲಿ ಬೇಡ ಅಂದರು ಎಂಬಂಥ ಕಾರಣಗಳಿದ್ದರೆ ಅಂಗಡಿಯವರ ಆ ಮಾತು ನಡೆಯಬಹುದು. ಮಾಲಿನಲ್ಲೇ ದೋಷವಿದ್ದರೆ ನಡೆಯುವುದಿಲ್ಲ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಮು ಹೇಳುತ್ತದೆ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ.

ಕಾನೂನು ಪರವಾಗಿದ್ದರೂ ಜನ ಸೋಲುವುದು ಕಾಗದಪತ್ರ ಇಲ್ಲದೆ. ಈಗಿನ ಬಿಲ್ಲುಗಳೆಲ್ಲ ಹೆಚ್ಚಾಗಿ ಥರ್ಮಲ್ ಕಾಗದದವು. ಬಿಸಿ ತಾಗಿದರೆ, ಮೇಲೆ ಸೆಲ್ಲೋಟೇಪ್ ಅಂಟಿಸಿದರೆ ಅಕ್ಷರ ಮಾಸುತ್ತದೆ, ವಾರಂಟಿ ಮುಗಿಯುವ ಮೊದಲೇ ಬಿಲ್ ಖಾಲಿ ಹಾಳೆಯಾಗಿರುತ್ತದೆ. ಆದ್ದರಿಂದ ತಂದ ದಿನವೇ ಬಿಲ್, ವಾರಂಟಿ ಕಾರ್ಡ್, ಯಂತ್ರದ ಹಿಂದಿರುವ ಸೀರಿಯಲ್ ನಂಬರ್ ಚೀಟಿ, ಈ ಮೂರರ ಫೋಟೋ ತೆಗೆದಿಡಿ. ಬಿಲ್ಲಿನಲ್ಲಿರುವ ನಂಬರೂ ಯಂತ್ರದ ಮೇಲಿರುವ ನಂಬರೂ ಒಂದೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ಮೊಬೈಲ್ ಆದರೆ *#06# ಒತ್ತಿ, ಬರುವ ಐಎಂಇಐ ಸಂಖ್ಯೆಯನ್ನು ಬಿಲ್ಲಿಗೆ ತಾಳೆ ನೋಡಿ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ‘7 ದಿನದಲ್ಲಿ ಬದಲಾವಣೆ’ ಎಂಬ ನಿಯಮವಿರುವ ಪುಟದ ಸ್ಕ್ರೀನ್‌ಶಾಟ್ ದಿನಾಂಕ ಸಮೇತ ಇರಲಿ. ಆ ಪುಟ ನಾಳೆ ಬೇರೆ ಮಾತು ಹೇಳಬಹುದು. ನೀವು ಕೊಂಡ ದಿನ ಏನಿತ್ತೋ ಅದೇ ಒಪ್ಪಂದ, ಆದರೆ ಅದನ್ನು ತೋರಿಸಬೇಕಾದವರು ನೀವೇ.

ವಾರಂಟಿಯ ಸಣ್ಣಕ್ಷರವನ್ನು ಕೊಳ್ಳುವ ಮೊದಲು ಓದಬೇಕು. ‘10 ವರ್ಷ ವಾರಂಟಿ’ ಎಂದು ಫ್ರಿಜ್ಜಿನ ಬಾಗಿಲ ಮೇಲೆ ದೊಡ್ಡದಾಗಿ ಅಂಟಿಸಿದ್ದರೆ ಅದು ಸಾಮಾನ್ಯವಾಗಿ ಕಂಪ್ರೆಸರ್‌ಗೆ ಮಾತ್ರ. ಉಳಿದ ಭಾಗಗಳಿಗೆ ಒಂದೇ ವರ್ಷ ಇರುವುದುಂಟು. ಕಂಪ್ರೆಸರ್ ಪುಕ್ಕಟೆ ಬಂದರೂ ಗ್ಯಾಸ್ ತುಂಬಿಸುವುದು, ಕೂಲಿ, ಸಾಗಣೆ ನಿಮ್ಮ ಜೇಬಿನಿಂದ ಹೋಗಬಹುದು. ಮಿಕ್ಸಿ ನಿಂತರೆ ದೂರು ಕೊಡುವ ಮುಂಚೆ ತಳದಲ್ಲಿರುವ ಕೆಂಪು ಗುಂಡಿ ಒತ್ತಿ ನೋಡಿ. ಹೆಚ್ಚು ಅಕ್ಕಿ ತುಂಬಿ ರುಬ್ಬಿದಾಗ ಮೋಟಾರ್ ಸುಡದಂತೆ ವಿದ್ಯುತ್ ಕಡಿಯುವುದು ಅದೇ. ಪದೇಪದೇ ಹಾಗಾದರೆ ಮಾತ್ರ ದೋಷದ ಮಾತು.

ದುರಸ್ತಿಗೆ ಬಂದವರ ಹತ್ತಿರ ಹೆಚ್ಚಿನ ಎಚ್ಚರ ಬೇಕು. ಕೆಲಸ ಮುಗಿಯುವ ಮೊದಲೇ ‘ಓಟಿಪಿ ಹೇಳಿ ಸಾರ್, ಬಿಡಿಭಾಗ ಆಮೇಲೆ ತರ್ತೀನಿ’ ಅನ್ನುತ್ತಾರೆ. ಆ ಓಟಿಪಿ ಕೊಟ್ಟರೆ ಕಂಪನಿಯ ದಾಖಲೆಯಲ್ಲಿ ನಿಮ್ಮ ದೂರು ಬಗೆಹರಿದಂತೆಯೇ. ಯಂತ್ರ ಓಡಿದ ಮೇಲೆಯೇ ಕೊಡಿ. ಪ್ರತಿ ಭೇಟಿಗೂ ಜಾಬ್ ಶೀಟ್ (ಏನು ದೋಷ, ಏನು ಕೆಲಸ ಎಂದು ಬರೆದ ಹಾಳೆ) ಕೇಳಿ ಪಡೆಯಿರಿ, ಖಾಲಿ ಜಾಗವಿರುವ ಹಾಳೆಗೆ ಸಹಿ ಹಾಕಬೇಡಿ. ‘ಗ್ರಾಹಕರ ದುರ್ಬಳಕೆ’, ‘ನೀರು ಹೋಗಿದೆ’ ಎಂದು ಬರೆದಿದ್ದು ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಸಹಿಯ ಪಕ್ಕದಲ್ಲೇ ‘ಒಪ್ಪಿಗೆಯಿಲ್ಲ’ ಎಂದು ಬರೆಯಿರಿ. ಬೀದಿ ಕೊನೆಯ ಮೆಕ್ಯಾನಿಕ್ ಕೈಗೆ ಕೊಟ್ಟು ಬಿಚ್ಚಿಸಬೇಡಿ. ಮುಂದೆ ದೂರು ವಿಚಾರಿಸುವ ಗ್ರಾಹಕ ಆಯೋಗ ಆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬೇಕಾದರೆ, ಬಿಚ್ಚಿದ ಯಂತ್ರದ ಸಾಕ್ಷಿಗೆ ಬೆಲೆ ಕಡಿಮೆ.

ಅಂಗಡಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಹೇಳಬಹುದು, ಖರ್ಚಿಲ್ಲ. ಅವರಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ದೂರನ್ನು ಕಂಪನಿಗೆ ಮುಟ್ಟಿಸುತ್ತಾರೆ. ಅಷ್ಟರಿಂದಲೇ ಬಗೆಹರಿಯುವ ಪ್ರಕರಣಗಳಿವೆ. ಆನ್‌ಲೈನ್ ಮಾರಾಟವಾದರೆ 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಎನ್ನಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಈ ದಿನಗಳನ್ನು ಎಣಿಸುತ್ತಾ ಇರಿ.

ಅಲ್ಲಿಗೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಅಲ್ಲೇ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಮಾರಿದವರು ಗುರುಗ್ರಾಮದಲ್ಲಿದ್ದರೂ ದಾವಣಗೆರೆಯಲ್ಲಿ ವಾಸವಿರುವವರು ದಾವಣಗೆರೆಯಲ್ಲೇ ದೂರು ಹೂಡಬಹುದು. ಇದು 2019ರ ಕಾಯ್ದೆ ತಂದ ಬಹು ದೊಡ್ಡ ಅನುಕೂಲ. ವಕೀಲರೇ ಬೇಕೆಂದಿಲ್ಲ, ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ದಿನಾಂಕವಾರು ನಡೆದದ್ದು, ದಾಖಲೆಗಳ ಪ್ರತಿ, ಪ್ರಮಾಣಪತ್ರ (ಅಫಿಡವಿಟ್), ಕೇಳುವ ಪರಿಹಾರ ಇವಿಷ್ಟು ಬೇಕು. ಅಂಗಡಿ, ತಯಾರಕ ಕಂಪನಿ, ಸರ್ವಿಸ್ ಸೆಂಟರ್ ಮೂವರನ್ನೂ ಎದುರುದಾರರನ್ನಾಗಿ ಸೇರಿಸಿ. ಒಬ್ಬರನ್ನೇ ಸೇರಿಸಿದರೆ ತಪ್ಪನ್ನು ಹೊರಗಿರುವವರ ಮೇಲೆ ಹಾಕುತ್ತಾರೆ. 4,000 ರೂಪಾಯಿಯ ಮಿಕ್ಸಿಗೆ 5 ಲಕ್ಷ ಮಾನಸಿಕ ಯಾತನೆ ಕೇಳಿದರೆ ದೂರಿನ ತೂಕವೇ ಇಳಿಯುತ್ತದೆ. ಬೆಲೆ, ಬಡ್ಡಿ, ಓಡಾಟದ ಖರ್ಚು, ಮಿತವಾದ ಪರಿಹಾರ ಕೇಳಿ.

ದೂರಿಗೆ ಕಾರಣ ಹುಟ್ಟಿದಂದಿನಿಂದ 2 ವರ್ಷ ಅವಧಿ. ಕಂಪನಿಗೆ ಮತ್ತೆ ಮತ್ತೆ ಪತ್ರ ಬರೆದ ಮಾತ್ರಕ್ಕೆ ಅದು ಬೆಳೆಯುವುದಿಲ್ಲ. ತೀರ್ಪು 3 ತಿಂಗಳಲ್ಲಿ, ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ಬರಬೇಕೆಂದು ಕಾಯ್ದೆ ಹೇಳಿದರೂ ಹೆಚ್ಚು ಸಮಯ ಹಿಡಿಯುವುದುಂಟು, ಕಾಯುವ ಮನಸ್ಸಿರಲಿ. ಗೆದ್ದ ಮೇಲೂ ಹಣ ಬಾರದಿದ್ದರೆ ಅದೇ ಆಯೋಗಕ್ಕೆ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ 72ನೇ ಕಲಮಿನಡಿ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25,000ಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ವಿಧಿಸಬಹುದು.