ನಿಂತು ನೋಡಲು ಒಂದು ಗುಂಪು ಬೇಕು: ಬೆಂಗಳೂರು ಪೇಟೆಯಲ್ಲಿ ಕಾಲ್ನಡಿಗೆ

ಶಿವಮೊಗ್ಗದ ಕಡೆಯವರಾದ ನಮಗೆ ಬೆಂಗಳೂರಿನಲ್ಲಿ ಇದ್ದದ್ದು ಮೂರೇ ಕೆಲಸ: ಮದುವೆ, ಆಸ್ಪತ್ರೆ, ಇಲ್ಲವೇ ಯಾವುದಾದರೂ ಕಚೇರಿಯ ಮುಂದೆ ಕಾಯುವುದು. ಮೂವತ್ತು ವರ್ಷಗಳಲ್ಲಿ ಎಷ್ಟು ಸಲ ಹೋಗಿ ಬಂದಿದ್ದೇನೋ ಲೆಕ್ಕವಿಟ್ಟಿಲ್ಲ. ಮೆಜೆಸ್ಟಿಕ್‌ನಲ್ಲಿ ಇಳಿಯುವುದು, ಆಟೊದವನ ಜೊತೆ ಚೌಕಾಸಿ ಮಾಡುವುದು, ಸಂಜೆಗೆ ಮತ್ತೆ ಮೆಜೆಸ್ಟಿಕ್. ಹೀಗಿರುವಾಗ ಅಕ್ಕನ ಮಗಳು ಫೋನ್ ಮಾಡಿ, "ಚಿಕ್ಕಮ್ಮ, ಭಾನುವಾರ ಪೇಟೆಯಲ್ಲಿ ಒಂದು ವಾಕ್ ಇದೆ, ನಿನ್ನ ಹೆಸರೂ ಕೊಡ್ಲಾ?" ಅಂದಾಗ ನಗು ಬಂತು. ನಡೆಯುವುದಕ್ಕೂ ದುಡ್ಡು ಕೊಡಬೇಕಾ? ಅವಳು ಎಂಟು ವರ್ಷದಿಂದ ವೈಟ್‌ಫೀಲ್ಡ್ ಕಡೆ ಕೆಲಸದಲ್ಲಿದ್ದಾಳೆ. ಚಿಕ್ಕಪೇಟೆಗೆ ಕಾಲಿಟ್ಟದ್ದು ಒಂದೇ ಸಲ, ಅದೂ ಸೀರೆಗೆ.

ಆಮೇಲೆ ನಾವಿಬ್ಬರೂ, ಮುಂದಾಳೊಬ್ಬರು ಗುಂಪನ್ನು ನಡೆಸುತ್ತ ಊರಿನ ಕಥೆ ಹೇಳುವ ಇಂಥ ನಾಲ್ಕು ನಡಿಗೆಗೆ ಹೋದೆವು. ಊರಿಂದ ಬಂದು ಹೋಗುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಪೇಟೆಯ ಬಗ್ಗೆಯೇ ಹೆಚ್ಚು ಬರೆದಿದ್ದೇನೆ, ಯಾಕೆಂದರೆ ನನಗೆ ಹಿಡಿಸಿದ್ದು ಅದೇ.

ಮೊದಲು ತಲುಪುವ ವಿಚಾರ. ಈ ನಡಿಗೆಗಳೆಲ್ಲ ಬೆಳಿಗ್ಗೆ ಆರೂವರೆ, ಏಳಕ್ಕೆ ಶುರುವಾಗುತ್ತವೆ. ಬೇರೆ ದಿನ ನಸುಕಿಗೇ ಓಡುವ ಮೆಟ್ರೊ, ನಾವು ಹೋದಾಗ ಭಾನುವಾರ ಏಳಕ್ಕೆ ಹೊರಡುತ್ತಿತ್ತು. ದೂರದ ಬಡಾವಣೆಯಲ್ಲಿ ನೆಂಟರ ಮನೆಯಲ್ಲಿ ಉಳಿದುಕೊಂಡರೆ ಆಟೊಗೆ ಸುರಿಯಬೇಕು, ಇಲ್ಲವೇ ಅರ್ಧ ನಡಿಗೆ ತಪ್ಪಬೇಕು. ನಾನು ಮಾಡಿದ್ದೇನೆಂದರೆ, ರಾತ್ರಿ ರೈಲು ಹತ್ತಿ ನಸುಕಿನಲ್ಲಿ ಬೆಂಗಳೂರಲ್ಲಿ ಇಳಿದೆ, ನಿಲ್ದಾಣದಲ್ಲೇ ಮುಖ ತೊಳೆದು ಕಾಫಿ ಕುಡಿದು ನೇರ ಕೆ.ಆರ್. ಮಾರುಕಟ್ಟೆಗೆ ಹೋದೆ. ಅಕ್ಕನ ಮಗಳು ಮನೆಯಿಂದ ಬಂದು ನನಗಿಂತ ಅರ್ಧ ಗಂಟೆ ತಡವಾಗಿ ತಲುಪಿದಳು. ಬೇರೆ ದಿನಗಳಲ್ಲಾದರೆ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ ಎರಡಕ್ಕೂ ನಿಲ್ದಾಣವಿದೆ, ಮೆಜೆಸ್ಟಿಕ್‌ನಿಂದ ಒಂದೆರಡು ನಿಲ್ದಾಣ ಅಷ್ಟೆ.

ಗುಂಪಿಗಿಂತ ಮೊದಲೇ ತಲುಪಿದ್ದು ಒಳ್ಳೆಯದೇ ಆಯಿತು. ಹೂವಿನ ಮಾರುಕಟ್ಟೆ ನಿಜವಾಗಿ ಜೀವಂತವಾಗಿರುವುದು ಬೆಳಕು ಹರಿಯುವ ಮೊದಲು. ಗುಂಪು ಸೇರುವ ಹೊತ್ತಿಗೆ ಸಗಟು ವ್ಯಾಪಾರ ಅರ್ಧ ಮುಗಿದಿರುತ್ತದೆ. ನೆಲಮಾಳಿಗೆಯ ಗದ್ದಲದಲ್ಲಿ ತಳ್ಳಿಸಿಕೊಳ್ಳುವುದಕ್ಕಿಂತ ಹಳೇ ಕಟ್ಟಡದ ಮೇಲಂತಸ್ತಿಗೆ ಹತ್ತಿ ಕೆಳಗೆ ನೋಡಿ. ಸೇವಂತಿಗೆಯ ಗುಡ್ಡೆ, ಗುಲಾಬಿಯ ಗುಡ್ಡೆ, ಕನಕಾಂಬರದ ರಾಶಿ, ನಡುವೆ ಮಾರುಗಟ್ಟಲೆ ಹಾರವನ್ನು ತೋಳಿಗೆ ಸುತ್ತಿಕೊಂಡು ನುಗ್ಗುವ ಹುಡುಗರು. ಕೆಳಗೆ ಇಳಿಯುವುದಾದರೆ ಚಪ್ಪಲಿ ಬೇಡ, ಹಿಂಬದಿ ಪಟ್ಟಿ ಇರುವ ಸ್ಯಾಂಡಲ್ಸೋ ಶೂಸೋ ಇರಲಿ. ನಾನು ಹಾಕಿಕೊಂಡು ಹೋದದ್ದು ಮನೆಯ ಹವಾಯಿ. ಕೊಳೆತ ಹೂವು, ಬಾಳೆಲೆ, ನೀರು ಸೇರಿ ಆದ ಕೆಸರಿನಲ್ಲಿ ಒಂದರ ಉಂಗುಷ್ಠ ಕಿತ್ತುಬಂತು. ಹೂವು ಕಟ್ಟುತ್ತಿದ್ದ ಹೆಂಗಸೊಬ್ಬರು ಬಾಳೆನಾರಿನಿಂದ ಅದನ್ನು ಬಿಗಿದು ಕೊಟ್ಟು, "ಇನ್ನೊಂದ್ ಮೈಲಿ ಬರ್ತೈತೆ, ಹೋಗಮ್ಮ" ಅಂದರು. ಬಂತು ಕೂಡ.

ಅಲ್ಲಿಂದ ಕೋಟೆಗೆ. ಮಾರುಕಟ್ಟೆಯ ಎದುರಿಗೇ ಇದ್ದರೂ ಬಸ್ಸಿನಲ್ಲಿ ಹಾದುಹೋಗುವವರ ಕಣ್ಣಿಗೆ ಬೀಳದ ಕೋಟೆ ಅದು. ಉಳಿದಿರುವುದು ದೆಹಲಿ ಬಾಗಿಲು ಮತ್ತು ಒಂದಿಷ್ಟು ಗೋಡೆ ಮಾತ್ರ. ಕೆಂಪೇಗೌಡರ ಕಾಲದ್ದು ಮಣ್ಣಿನ ಕೋಟೆ, ಅದು 1537ರದ್ದು. ಈ ಕಲ್ಲಿನ ಕಟ್ಟಡ ಹೈದರಾಲಿಯ ಕಾಲದ್ದು. 1791ರ ಮಾರ್ಚ್‌ನಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್‌ನ ಸೈನ್ಯ ಮೊದಲು ಪೇಟೆಯನ್ನು ಹಿಡಿಯಿತು, ಎರಡು ವಾರದ ಮೇಲೆ, 21ರಂದು, ಕೋಟೆಯ ಗೋಡೆ ಒಡೆದು ಒಳನುಗ್ಗಿತು. ಒಡೆದ ಜಾಗವನ್ನು ತೋರಿಸುವ ಕಲ್ಲುಫಲಕ ಇಂದಿಗೂ ಅಲ್ಲಿದೆ. ನಮ್ಮ ಗುಂಪಿನ ಮುಂದಾಳು ಆ ಫಲಕದ ಮುಂದೆ ನಿಂತು, "ಇಲ್ಲಿ ಗೋಡೆ ಎಷ್ಟು ದಪ್ಪವಿದ್ದಿರಬೇಕು, ಹೆಜ್ಜೆ ಹಾಕಿ ನೋಡಿ" ಎಂದು ಎಲ್ಲರನ್ನೂ ನಡೆಸಿದ. ಇಸವಿಗಳು ಆಗಲೇ ಮರೆತುಹೋಗಿ ಮನೆಗೆ ಬಂದು ಮತ್ತೆ ಓದಿದೆ, ಆದರೆ ಆ ಹೆಜ್ಜೆಗಳು ಮರೆಯಲಿಲ್ಲ.

ಟಿಪ್ಪುವಿನ ಬೇಸಿಗೆ ಅರಮನೆಯೂ ಪಕ್ಕದ ಕೋಟೆ ವೆಂಕಟರಮಣ ದೇವಸ್ಥಾನವೂ ಒಂದೇ ಆವರಣದವು ಎನ್ನುವಷ್ಟು ಹತ್ತಿರ. ಅರಮನೆ ಮುಗಿದದ್ದು 1791ರಲ್ಲಿ, ಅಂದರೆ ಕೋಟೆ ಕೈತಪ್ಪಿದ ವರ್ಷವೇ. ದೇವಸ್ಥಾನದ ಮುಂದಿನ ಗರುಡಗಂಬ ಫಿರಂಗಿ ಗುಂಡಿಗೆ ಅಡ್ಡವಾಗಿ ಟಿಪ್ಪುವಿನ ಜೀವ ಉಳಿಸಿತು ಅನ್ನುವುದು ಅಲ್ಲಿನ ಕಥೆ.

ಕಥೆ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. ಈ ನಡಿಗೆಗಳಲ್ಲಿ ಶಾಸನ ಯಾವುದು, ಕಥೆ ಯಾವುದು ಎಂದು ಬಿಡಿಸಿ ಹೇಳುವವರು ಸಿಕ್ಕಿದರೆ ಪುಣ್ಯ. ಇನ್ನೊಂದು ಗುಂಪಿನ ಜೊತೆ ಹೋದಾಗ, ಮುಂದಾಳು ಹೊಯ್ಸಳ ರಾಜ ವೀರಬಲ್ಲಾಳನಿಗೆ ಮುದುಕಿ ಬೆಂದಕಾಳು ಕೊಟ್ಟು ಊರಿಗೆ ಆ ಹೆಸರು ಬಂದದ್ದನ್ನು ಇಸವಿ ಸಮೇತ, ಕಣ್ಣಾರೆ ಕಂಡವನ ಹಾಗೆ ಹೇಳಿದ. ಹೊರರಾಜ್ಯದ ಹುಡುಗರು ಫೋನಿನಲ್ಲಿ ಬರೆದುಕೊಂಡರು. ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರು ಕಾಳಗದ ಪ್ರಸ್ತಾಪವಿದೆ, ಅದು ಸುಮಾರು ಕ್ರಿ.ಶ. 900ರದ್ದು, ಬಲ್ಲಾಳನಿಗಿಂತ ಮುನ್ನೂರು ವರ್ಷ ಹಿಂದಿನದು ಎಂದು ನಾನು ಹೇಳಿದೆ. ಮೇಷ್ಟ್ರ ಚಾಳಿ, ಬಾಯಿ ಸುಮ್ಮನಿರುವುದಿಲ್ಲ. ಅವನ ಮುಖ ಸಪ್ಪಗಾಯಿತು. ನೀವು ಸೌಮ್ಯವಾಗಿ, "ಇದು ಶಾಸನದಲ್ಲಿದೆಯಾ, ಜನ ಹೇಳ್ತಾರಾ?" ಎಂದು ಕೇಳಿ. ಒಳ್ಳೆಯ ಮುಂದಾಳಿಗೆ ಆ ಪ್ರಶ್ನೆ ಖುಷಿ ಕೊಡುತ್ತದೆ. ಕೊಡದಿದ್ದರೆ ಅವರ ಜೊತೆ ಎರಡನೇ ಸಲ ಹೋಗುವುದು ಬೇಡ.

ಇನ್ನು ಅವೆನ್ಯೂ ರಸ್ತೆ. ಹಳೇ ಹೆಸರು ದೊಡ್ಡಪೇಟೆ. ಅದು ಚಿಕ್ಕಪೇಟೆಯನ್ನು ಅಡ್ಡ ಹಾಯುವ ಚೌಕದಿಂದ ನಾಲ್ಕು ದಿಕ್ಕಿಗೆ ಎತ್ತುಗಳನ್ನು ಹೂಡಿ, ಅವು ನಿಂತಲ್ಲಿಗೆ ಊರಿನ ಎಲ್ಲೆ ಎಂದು ಕೆಂಪೇಗೌಡರು ನಿಶ್ಚಯಿಸಿದರಂತೆ. ಇದೂ ಕಥೆಯೇ, ಆದರೆ ಆ ಚೌಕದಲ್ಲಿ ನಿಂತು ನಾಲ್ಕೂ ಕಡೆ ನೇರ ರಸ್ತೆ ನೋಡಿದಾಗ ನಂಬಬೇಕು ಅನ್ನಿಸುತ್ತದೆ. ಊರಿನ ಬಾಗಿಲುಗಳು ಹೋಗಿವೆ, ಹೆಸರು ಹೋಗಿಲ್ಲ. ಯಲಹಂಕ ಬಾಗಿಲು ಆಂಜನೇಯನ ಪಾಲಿಗೆ ಬಂದಿದೆ, ಹಲಸೂರು ಬಾಗಿಲು ಪೊಲೀಸರ ಪಾಲಿಗೆ. ಹಲಸೂರು ಗೇಟ್ ಪೊಲೀಸ್ ಠಾಣೆ ಹಲಸೂರಿನಲ್ಲಿ ಯಾಕಿಲ್ಲ ಎಂದು ಎಂಟು ವರ್ಷ ತಲೆಕೆಡಿಸಿಕೊಂಡಿದ್ದ ನನ್ನ ಹುಡುಗಿಗೆ ಅಂದು ಉತ್ತರ ಸಿಕ್ಕಿತು: ಹಲಸೂರಿನ ಕಡೆಗೆ ತೆರೆಯುತ್ತಿದ್ದ ಬಾಗಿಲು.

ಅದೇ ರಸ್ತೆಯಲ್ಲಿ ರೈಸ್ ಸ್ಮಾರಕ ಚರ್ಚ್ ಇದೆ, ಕನ್ನಡದಲ್ಲಿ ಪ್ರಾರ್ಥನೆ ನಡೆಯುವ ಚರ್ಚ್. ಅದಕ್ಕೆ ಹೆಸರು ಬಂದದ್ದು ಬೆಂಜಮಿನ್ ಹೋಲ್ಟ್ ರೈಸ್ ಅವರಿಂದ. ನಮ್ಮ ಶಾಸನಗಳನ್ನು ಸಂಪುಟ ಸಂಪುಟವಾಗಿ ಪ್ರಕಟಿಸಿದ ಬಿ.ಎಲ್. ರೈಸ್ ಅವರ ತಂದೆ. ಅಂಗಡಿ ಫಲಕಗಳ ನಡುವೆ ಈ ಚರ್ಚಿನ ಬಾಗಿಲು ಎಷ್ಟು ಮರೆಯಾಗಿದೆಯೆಂದರೆ, ಒಬ್ಬಳೇ ಬಂದಿದ್ದರೆ ನೂರು ಸಲ ದಾಟಿಹೋಗುತ್ತಿದ್ದೆ.

ಗುಂಪಿನಲ್ಲಿ ಹೋಗುವುದರ ಲಾಭ ನನಗೆ ಹೊಳೆದದ್ದೂ ಅಲ್ಲೇ. ಮುಂದಾಳು ಹೇಳುವುದರಲ್ಲಿ ಮುಕ್ಕಾಲು ಭಾಗ ಪುಸ್ತಕದಲ್ಲಿ ಸಿಗುತ್ತದೆ. ಆದರೆ ಪೇಟೆಯಲ್ಲಿ ಒಬ್ಬಳೇ ಹೆಂಗಸು ಅಂಗಡಿ ಮುಂದೆ ನಿಂತು ಮೇಲಿನ ಮಹಡಿಯ ಮರದ ಕಂಬಿ, ಗಾರೆಯ ಬಳ್ಳಿ ನೋಡುತ್ತಿದ್ದರೆ ಎರಡೇ ನಿಮಿಷ, "ಏನ್ ಬೇಕಮ್ಮ?" ಅನ್ನುತ್ತಾರೆ. ಮೂರನೇ ನಿಮಿಷಕ್ಕೆ ಕೈಗಾಡಿಯವನು ಬೈದು ಸರಿಸುತ್ತಾನೆ. ಹದಿನೈದು ಜನ ಒಟ್ಟಿಗೆ ಕತ್ತು ಎತ್ತಿ ನಿಂತರೆ ಅಂಗಡಿಯವರೂ ಹೊರಗೆ ಬಂದು ಮೇಲೆ ನೋಡುತ್ತಾರೆ! ಒಬ್ಬರು, "ಇದು ನಮ್ಮ ತಾತನ ಕಾಲದ್ದು, ಒಳಗೆ ಬನ್ನಿ" ಎಂದು ಹಜಾರ ತೋರಿಸಿದರು. ನಿಂತು ನೋಡುವುದಕ್ಕೆ ಪರವಾನಗಿ ಸಿಕ್ಕ ಹಾಗೆ. ಆದರೆ ಮೂವತ್ತು ಜನರ ಗುಂಪಾದರೆ ಅದೇ ದೊಂಬಿಯಾಗುತ್ತದೆ. ಓಣಿಯಲ್ಲಿ ಹಿಂದಿನವರಿಗೆ ಏನೂ ಕೇಳಿಸುವುದಿಲ್ಲ. ಹೆಸರು ಕೊಡುವ ಮೊದಲೇ ಎಷ್ಟು ಜನ ಎಂದು ಕೇಳಿಕೊಳ್ಳಿ. ಇಪ್ಪತ್ತು ದಾಟಿದರೆ ನಾನು ಹೋಗುವುದಿಲ್ಲ.

ಭಾಷೆಯ ವಿಚಾರವನ್ನೂ ಮೊದಲೇ ಕೇಳಬೇಕು. ನಾವು ಹೋದ ನಾಲ್ಕರಲ್ಲಿ ಮೂರು ಇಂಗ್ಲಿಷಿನಲ್ಲೇ ನಡೆದವು. ಬೇಸರ ಮಾಡಿಕೊಂಡು ಬಿಡಬೇಡಿ, ಯಾಕೆಂದರೆ ಪೇಟೆಯಲ್ಲಿ ಕನ್ನಡ ಬಲ್ಲವರ ಕೈ ಮೇಲೆ. ಅಕ್ಕಿಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ಉಪ್ಪಾರಪೇಟೆ: ನಮಗೆ ಹೆಸರಲ್ಲೇ ಕಸುಬು ಕೇಳಿಸುತ್ತದೆ. ಕಾಟನ್‌ಪೇಟೆಯನ್ನು ಅರಳೇಪೇಟೆ ಅಂದ ತಕ್ಷಣ ನಮಗೆ ಅರ್ಥವಾಗುವುದನ್ನು ಅವರಿಗೆ ಐದು ನಿಮಿಷ ವಿವರಿಸಬೇಕು. ಅರ್ಧ ದಾರಿ ಕಳೆಯುವಷ್ಟರಲ್ಲಿ ದೆಹಲಿ, ಕೊಚ್ಚಿಯ ಮಕ್ಕಳೆಲ್ಲ ನನ್ನ ಸುತ್ತ ನಿಂತು "ಆಂಟಿ, ಇದರ ಅರ್ಥವೇನು?" ಎಂದು ಕೇಳುತ್ತಿದ್ದರು. ಬಳೇಪೇಟೆಯಲ್ಲಿ ಮಾತ್ರ ಸೋತೆ, ಅಲ್ಲಿ ಕಂಡದ್ದು ಬಳೆಗಿಂತ ಹೆಚ್ಚು ವೀಣೆ, ಮೃದಂಗ, ಹಾರ್ಮೋನಿಯಂ ಅಂಗಡಿಗಳು.

ಭಾನುವಾರವೋ, ವಾರದ ದಿನವೋ? ಇದನ್ನು ಎಲ್ಲರೂ ಕೇಳುತ್ತಾರೆ. ಭಾನುವಾರ ಬೆಳಿಗ್ಗೆ ಅಂಗಡಿಗಳ ಶಟರ್ ಎಳೆದಿರುತ್ತದೆ, ರಸ್ತೆ ಬಿಡುವಾಗಿರುತ್ತದೆ. ಆಗ ಕಟ್ಟಡ ಕಾಣುತ್ತದೆ. ಚಿಕ್ಕಪೇಟೆಯ ಶತಮಾನ ದಾಟಿದ ಮೋಹನ್ ಬಿಲ್ಡಿಂಗ್‌ನ ಮುಖ ಪೂರ್ತಿ ನೋಡಲು ಬೇರೆ ಹೊತ್ತು ಸಾಧ್ಯವೇ ಇಲ್ಲ. ಆದರೆ ವ್ಯಾಪಾರವಿಲ್ಲದ ಪೇಟೆ ಅರ್ಧ ಪೇಟೆ. ನನ್ನ ಸಲಹೆ: ಭಾನುವಾರ ಗುಂಪಿನ ಜೊತೆ ಹೋಗಿ ದಾರಿ ಕಲಿತುಕೊಳ್ಳಿ, ಸೋಮವಾರ ಅದೇ ದಾರಿಯಲ್ಲಿ ಒಬ್ಬರೇ ಹೋಗಿ. ಒಂದು ದಿನ ಹೆಚ್ಚು ಉಳಿಯಲು ಆಗುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ದುಡ್ಡು: ಉಚಿತದಿಂದ ಹಿಡಿದು ಸಾವಿರ ದಾಟುವವರೆಗೆ ಇದೆ. ಖಾಸಗಿಯವರು ನಡೆಸುವುದರಲ್ಲಿ ಕೆಲವೊಮ್ಮೆ ತಿಂಡಿಯೂ ಸೇರಿರುತ್ತದೆ. ಹಳೇ ಕಟ್ಟಡ, ಸ್ಮಾರಕಗಳನ್ನು ಉಳಿಸಲು ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆಯೂ ಪಾರಂಪರಿಕ ನಡಿಗೆಗಳನ್ನು ನಡೆಸುತ್ತದೆ. ಸ್ಮಾರಕಗಳ ಪ್ರವೇಶ ಟಿಕೆಟ್ ಸೇರಿದೆಯೋ ಇಲ್ಲವೋ ಕೇಳಿಕೊಳ್ಳಿ. ಒಂದು ಸಲ ಅರಮನೆಯ ಬಾಗಿಲಲ್ಲಿ ಹತ್ತು ನಿಮಿಷ ಚಿಲ್ಲರೆಗಾಗಿ ಎಲ್ಲರೂ ಪರದಾಡಿದೆವು.

ಶೌಚಾಲಯದ ವಿಚಾರ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ, ಹೆಂಗಸರು ಮೊದಲು ಯೋಚಿಸುವುದು ಅದನ್ನೇ. ಮೂರು ಗಂಟೆ, ಮೂರು ಕಿಲೋಮೀಟರ್ ಆಸುಪಾಸು, ನಡುವೆ ನಂಬಿಕೆಗೆ ಸಿಗುವುದು ಮೆಟ್ರೊ ನಿಲ್ದಾಣ ಅಥವಾ ಕೊನೆಯಲ್ಲಿ ತಿಂಡಿಗೆ ಕೂರುವ ಹೋಟೆಲ್. ಅದಕ್ಕೆ ತಕ್ಕಂತೆ ನೀರು ಕುಡಿಯಿರಿ. ಮೊಣಕಾಲು ನೋವಿದ್ದವರಿಗೆ ನಡಿಗೆಗಿಂತ ನಿಲ್ಲುವುದೇ ಕಷ್ಟ. ಒಂದೊಂದು ಕಡೆ ಕಾಲು ಗಂಟೆ ನಿಲ್ಲಿಸಿ ಮಾತಾಡುತ್ತಾರೆ. ನಾನು ಸಂಕೋಚ ಬಿಟ್ಟು ಜಗಲಿ ಕಂಡಲ್ಲಿ ಕೂತುಬಿಡುತ್ತಿದ್ದೆ. ಫೋಟೊ ತೆಗೆಯುವಾಗ ಕೂಲಿಯವರನ್ನು, ಹೂವಿನವರನ್ನು ಕೇಳದೆ ಮುಖಕ್ಕೆ ಹಿಡಿಯಬೇಡಿ. ಅವರು ಕೆಲಸದಲ್ಲಿರುತ್ತಾರೆ.

ನಮ್ಮ ಪೇಟೆ ನಡಿಗೆ ಮುಗಿದದ್ದು ಬಳೇಪೇಟೆಯ ಉಡುಪಿ ಶ್ರೀ ಕೃಷ್ಣ ಭವನದಲ್ಲಿ, ಸಾಗು ಮಸಾಲೆ ದೋಸೆಯ ಮುಂದೆ. ಆಲೂಗಡ್ಡೆ ಪಲ್ಯದ ಬದಲು ಸಾಗು. ಬೆಣ್ಣೆ ದೋಸೆಯ ದಾವಣಗೆರೆಗೆ ಹತ್ತಿರದವಳಾದ ನಾನು ಸುಲಭಕ್ಕೆ ತಲೆದೂಗುವುದಿಲ್ಲ, ಇಲ್ಲಿ ಎರಡನೆಯದನ್ನು ಹೇಳಿದೆ.

ಉಳಿದವುಗಳಲ್ಲಿ ಲಾಲ್‌ಬಾಗಿನ ಮರಗಳ ನಡಿಗೆ ಬಹಳ ಹಿಡಿಸಿತು. ಗಾಜಿನ ಮನೆಗೆ ಹೋಗುವ ಮುಂಚೆ ಕೆಂಪೇಗೌಡ ಗೋಪುರ ನಿಂತಿರುವ ಬಂಡೆಯ ಮೇಲೆ ಕೂರಿಸಿ, ಇದರ ವಯಸ್ಸು ಸುಮಾರು 300 ಕೋಟಿ ವರ್ಷ ಎಂದರು. ಕೈಯಿಟ್ಟು ನೋಡಿದೆ, ಬಿಸಿಲಿಗೆ ಬೆಚ್ಚಗಿತ್ತು. ಶಿವನ ಪೂಜೆಗೆ ನಾವು ಏರಿಸುವ ನಾಗಲಿಂಗ ಪುಷ್ಪದ ಮರ ದಕ್ಷಿಣ ಅಮೆರಿಕದಿಂದ ಬಂದದ್ದು ಎಂದು ಗೊತ್ತಾದದ್ದೂ ಅಲ್ಲೇ. ದಂಡಿನ ಕಡೆಯ ನಡಿಗೆಗೆ, ಅಂದರೆ ಬ್ರಿಟಿಷರ ಸೈನ್ಯ ನೆಲೆಸಿದ್ದ ಎಂ.ಜಿ. ರಸ್ತೆಯ ಸುತ್ತಮುತ್ತ, ಒಮ್ಮೆ ಹೋದರೆ ಸಾಕು. 1949ರವರೆಗೆ ದಂಡು ಬೇರೆ, ಪೇಟೆ ಬೇರೆ ಆಡಳಿತವಿದ್ದ ಎರಡು ಊರುಗಳು ಅನ್ನುವುದು ಎರಡನ್ನೂ ನಡೆದು ನೋಡಿದವರಿಗೆ ರಸ್ತೆಯ ಅಗಲದಲ್ಲೇ ಗೊತ್ತಾಗುತ್ತದೆ. ಹಾಗಾಗಿ ಪೇಟೆ ನೋಡಿದ ಮೇಲೆ ದಂಡಿಗೆ ಹೋಗಿ, ಹಿಂದುಮುಂದು ಬೇಡ.

ಮಳೆಗಾಲದಲ್ಲಿ ಪೇಟೆ ಬೇಡ, ಓಣಿಗಳಲ್ಲಿ ನೀರು ನಿಲ್ಲುತ್ತದೆ. ನವೆಂಬರ್‌ನಿಂದ ಫೆಬ್ರವರಿ ಸೊಗಸು. ಚೈತ್ರ ಹುಣ್ಣಿಮೆಯ ಆಸುಪಾಸಿನಲ್ಲಿ ಕರಗ ಬರುತ್ತದೆ. ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಟು ರಾತ್ರಿಯಿಡೀ ಪೇಟೆಗಳನ್ನು ಸುತ್ತಿ, ಅರಳೇಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಆ ದಿನಗಳಲ್ಲಿ ಹಗಲು ನಡಿಗೆಗೆ ಹೆಸರು ಕೊಡಬೇಡಿ, ಜನಸಂದಣಿ. ನನ್ನ ಹುಡುಗಿ ಈ ಸಲ ಹುಣ್ಣಿಮೆಯ ಮರುದಿನಕ್ಕೆ ಆಗಲೇ ರಜೆ ಬರೆದಿದ್ದಾಳೆ. "ಗುಂಪು ಬೇಡ ಚಿಕ್ಕಮ್ಮ, ದಾರಿ ನಂಗೊತ್ತು, ನೀನು ಆ ಹವಾಯಿ ಮಾತ್ರ ಹಾಕ್ಕೊಂಡು ಬರಬೇಡ" ಅಂದಿದ್ದಾಳೆ.